ಹಳೆಯ ಪಿಕಪ್ ಅಂಗಳಕ್ಕೆ ಬಂದ ಮೇಲೆ

ನಮ್ಮ ಅಜ್ಜಂದಿರು ಕುಲ್ಕುಂದದ ಜಾತ್ರೆಗೆ ಎತ್ತು ಕೊಳ್ಳಲು ಹೋಗುತ್ತಿದ್ದ ಕಾಲವೊಂದಿತ್ತು. ಹೋದ ಕೂಡಲೇ ಹಣ ಎಣಿಸಿಕೊಟ್ಟು ಹಗ್ಗ ಹಿಡಿದುಕೊಂಡು ಬರುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಗೊರಸು ಎತ್ತಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೋ ಎಂದು ಪರೀಕ್ಷಿಸುತ್ತಿದ್ದರು. ಮನೆಗೆ ತಂದ ಮೇಲೂ ಕೂಡಲೇ ನೊಗಕ್ಕೆ ಹೂಡುತ್ತಿರಲಿಲ್ಲ. ಹಟ್ಟಿಯಲ್ಲಿ ಕಟ್ಟಿ ಮೇವು ಹಾಕಿ, ಸಗಣಿ ಹೇಗಿದೆ, ಮೆಲುಕು ಹಾಕುತ್ತದೆಯೇ ಎಂದು ನಾಲ್ಕು ದಿನ ನೋಡಿದ ಮೇಲೆಯೇ ಗದ್ದೆಗೆ ಇಳಿಸುವುದು ವಾಡಿಕೆಯಾಗಿತ್ತು.

ಇಂದು ಎತ್ತಿನ ಜಾಗಕ್ಕೆ ಪಿಕಪ್ ಬಂದಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲಂತೂ ಸಣ್ಣ ಸರಕು ವಾಹನ ಇಲ್ಲದ ಊರೇ ಇಲ್ಲ. ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಇವುಗಳೂ ನಮ್ಮ ಗುಡ್ಡೆಯ ರಸ್ತೆಗಳಲ್ಲಿ ಹಗಲು ರಾತ್ರಿ ಓಡುತ್ತಿವೆ. ತೋಟಕ್ಕೆ ಗೊಬ್ಬರ ಬರಬೇಕು, ಒಣ ಅಡಕೆ ಕ್ಯಾಂಪ್ಕೊ ಶಾಖೆಗೋ ಪೇಟೆಯ ಮಂಡಿಗೋ ಹೋಗಬೇಕು, ರಬ್ಬರು ಶೀಟು, ತೆಂಗಿನಕಾಯಿ, ಬಾಳೆಗೊನೆ ಎಲ್ಲಕ್ಕೂ ಅದೇ ಬೇಕು. ಹೊಸತು ಕೊಳ್ಳುವ ಶಕ್ತಿ ಎಲ್ಲರಿಗೂ ಎಲ್ಲಿಂದ? ಆದುದರಿಂದ ಪುತ್ತೂರು, ಮಂಗಳೂರು, ಕಾಞಂಗಾಡು ಕಡೆಗಳಿಂದ ಹಳೆಯ ಗಾಡಿ ತರುವ ರೂಢಿ ನಮ್ಮಲ್ಲಿ ಬೆಳೆದಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎತ್ತಿಗೆ ನಾಲ್ಕು ದಿನ ಕಾದವರ ಮೊಮ್ಮಕ್ಕಳು ಪಿಕಪ್ಪಿಗೆ ನಾಲ್ಕು ಗಂಟೆಯೂ ಕಾಯುವುದಿಲ್ಲ. ಸಂಜೆ ತಂದು, ಹೂವಿನ ಹಾರ ಹಾಕಿ, ನಿಂಬೆಹಣ್ಣು ಚಕ್ರದಡಿ ಇಟ್ಟು, ಮರುದಿನ ಬೆಳಿಗ್ಗೆಯೇ ಭಾರ ಹೇರಿಬಿಡುತ್ತಾರೆ.

ಈ ಲೇಖನ ಬರೆಯುವುದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದಿನ ಮಾತು. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಗಡಿಯಾಚೆಯಿಂದ ಒಂದು ಹಳೆಯ ಪಿಕಪ್ ತಂದರು. ಬಣ್ಣ ಹೊಸತು, ಸೀಟಿಗೆ ಹೊಸ ಕವರು, ನೋಡಲು ಮದುಮಗನ ಹಾಗಿತ್ತು. ಎರಡನೆಯ ವಾರ, ಜೂನ್ ತಿಂಗಳ ಜಡಿಮಳೆಯಲ್ಲಿ, ತೋಟದ ಮೇಲಿನ ಮನೆಯಿಂದ ಅಡಕೆ ಚೀಲ ಹೇರಿಕೊಂಡು ಇಳಿಯುವಾಗ ಬ್ರೇಕಿನ ಪೆಡಲು ನೆಲಕ್ಕೆ ಕುಸಿಯಿತು. ಹ್ಯಾಂಡ್ ಬ್ರೇಕ್ ಎಳೆದರೆ ಅದೂ ಹಿಡಿಯಲಿಲ್ಲ. ಎಡಗಡೆ ಪ್ರಪಾತ, ಬಲಗಡೆ ಮಣ್ಣಿನ ಧರೆ. ಭಾವ ಬುದ್ಧಿವಂತಿಕೆಯಿಂದ ಗಾಡಿಯನ್ನು ಧರೆಗೆ ಉಜ್ಜಿ ನಿಲ್ಲಿಸಿದರು. ಪಕ್ಕದಲ್ಲಿ ಕುಳಿತಿದ್ದ ಕೆಲಸದಾಳಿನ ಭುಜದೆಲುಬು ಮುರಿಯಿತು. ಮೂರು ತಿಂಗಳು ಅವನ ಮನೆಗೆ ಸಂಬಳವಿಲ್ಲದಂತಾಗದ ಹಾಗೆ ಭಾವನೇ ನೋಡಿಕೊಂಡರು. ಗಾಡಿಯ ರಿಪೇರಿಗೆ ವಿಮೆ ಕೇಳಲು ಹೋದರೆ, ಪಾಲಿಸಿ ಹಳೆಯ ಮಾಲಿಕನ ಹೆಸರಿನಲ್ಲಿಯೇ ಇದೆ ಎಂದು ಹಿಂದಕ್ಕೆ ಕಳುಹಿಸಿದರು. ಮಾರಿದವನನ್ನು ಕೇಳಿದರೆ, "ಇದ್ದ ಹಾಗೆ ಕೊಟ್ಟಿದ್ದೇನೆ, ನೀವೇ ಸಹಿ ಹಾಕಿದ್ದೀರಲ್ಲ" ಎಂದು ಒಂದು ಕಾಗದ ತೋರಿಸಿದ. ಕಾಗದ ಮಲೆಯಾಳದಲ್ಲಿತ್ತು. ಭಾವನಿಗೆ ಮಲೆಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ.

ಆ ಗಾಡಿಯನ್ನು ಎಳೆದು ತಂದ ಗ್ಯಾರೇಜಿನಲ್ಲಿ ನಾನು ಶಾಲೆ ಬಿಟ್ಟ ಮೇಲೆ ಎಷ್ಟೋ ಸಂಜೆ ಕುಳಿತಿದ್ದೆ. ನಾನು ಪಾಠ ಹೇಳುವವನು, ಯಂತ್ರದ ಕೆಲಸ ಬಲ್ಲವನಲ್ಲ. ಆದರೆ ಮೆಕ್ಯಾನಿಕರು ಒಂದೊಂದೇ ಭಾಗ ಬಿಚ್ಚಿ, "ನೋಡಿ ಮಾಸ್ಟ್ರೇ, ಇದನ್ನು ಮೊದಲೇ ನೋಡಿದ್ದಿದ್ದರೆ" ಎಂದು ತೋರಿಸಿದ್ದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಅದರ ಸಾರವನ್ನು ಇಲ್ಲಿ ನಮ್ಮ ಓದುಗರ ಮುಂದಿಡುತ್ತಿದ್ದೇನೆ.

ಗಾಡಿಯ ಪೂರ್ವಾಶ್ರಮ

ಮೊತ್ತಮೊದಲು ತಿಳಿಯಬೇಕಾದುದು, ಈ ಗಾಡಿ ಹಿಂದೆ ಏನು ಹೊತ್ತಿತ್ತು ಎಂಬುದು. ಮೀನು ಸಾಗಿಸಿದ ಗಾಡಿಯಾದರೆ ಉಪ್ಪುನೀರು ಸೋರಿ ಸೋರಿ ಚಾಸಿಸ್ ಒಳಗಿಂದಲೇ ತುಕ್ಕು ಹಿಡಿದಿರುತ್ತದೆ. ಮೇಲೆ ಕಪ್ಪು ಬಣ್ಣ ಬಳಿದಿದ್ದರೂ ಸುತ್ತಿಗೆಯಲ್ಲಿ ಮೆಲ್ಲನೆ ತಟ್ಟಿದರೆ ಗೊತ್ತಾಗುತ್ತದೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ಹಿಡಿದದ್ದು ಮಂಕಾಗಿ ಸದ್ದು ಮಾಡುತ್ತದೆ, ಪುಡಿ ಉದುರುತ್ತದೆ.

ಕೆಂಪುಕಲ್ಲು ಸಾಗಿಸಿದ ಗಾಡಿಯಾದರೆ ಬೇರೆಯೇ ಕಥೆ. ಒಂದು ಕಲ್ಲು ಮೂವತ್ತು ಕಿಲೋ ಎಂದು ಹಿಡಿದರೂ ನೂರು ಕಲ್ಲಿಗೆ ಮೂರು ಸಾವಿರ ಕಿಲೋ ಆಯಿತು. ಒಂದೂವರೆ ಟನ್ನು ಹೊರಬೇಕಾದ ಗಾಡಿಗೆ ಮೂರು ಟನ್ನು! ಇಂಥ ಗಾಡಿಗಳಿಗೆ ಹಿಂದಿನ ಲೀಫ್ ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿ ಸೇರಿಸಿರುವುದುಂಟು. ಪಟ್ಟಿ ಎಣಿಸಿ ನೋಡಿ, ಎಡಬಲ ಎರಡೂ ಕಡೆ ಸಮವಾಗಿದೆಯೇ, ಯಾವುದಾದರೂ ಬಿರುಕು ಬಿಟ್ಟಿದೆಯೇ ಎಂದು ಗಮನಿಸಿ. ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟುಗಳು ಸಡಿಲವಾಗಿದ್ದರೆ ಬಿಗಿಸಲೇಬೇಕು. ಗಾಡಿಯನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಹಿಂದಿನಿಂದ ಹತ್ತು ಹೆಜ್ಜೆ ದೂರ ನಿಂತು ನೋಡಿ. ಒಂದು ಕಡೆಗೆ ವಾಲಿದ್ದರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಬೆಸುಗೆ ಹಾಕಿದ ಗುರುತು ಚಾಸಿಸಿನಲ್ಲಿ ಕಂಡರೆ, ಏಕೆ ಹಾಕಿದರು ಎಂದು ಕೇಳದೆ ಬಿಡಬೇಡಿ.

ಮೀಟರಿನ ಕಿಲೋಮೀಟರನ್ನು ನಂಬಿ ಕೂರಬೇಡಿ. ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಕ್ಲಚ್ಚು, ಬ್ರೇಕಿನ ಪೆಡಲಿನ ರಬ್ಬರು ನುಣ್ಣಗೆ ಸವೆದು ಕಬ್ಬಿಣ ಕಾಣುತ್ತಿದ್ದು, ಮೀಟರು ಮಾತ್ರ ನಲ್ವತ್ತು ಸಾವಿರ ತೋರಿಸಿದರೆ ಯಾರು ಸುಳ್ಳು ಹೇಳುತ್ತಿದ್ದಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಬರೀ ಜಾಕಿಯ ಮೇಲೆ ಎತ್ತಿದ ಗಾಡಿಯ ಅಡಿಗೆ ಯಾವ ಕಾರಣಕ್ಕೂ ನುಸುಳಬೇಡಿ. ಕೆಂಪುಕಲ್ಲನ್ನು ಆಧಾರವಾಗಿ ಇಡುವುದೂ ಅಪಾಯವೇ, ಅದು ಭಾರಕ್ಕೆ ಒಡೆದು ಪುಡಿಯಾಗುತ್ತದೆ. ದಪ್ಪ ಮರದ ತುಂಡು ಅಥವಾ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಅನಂತರ ನೋಡಿ.

ಬ್ರೇಕು: ಮೊದಲ ದಿನದ ಕೆಲಸ

ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಪ್ಯಾಸ್ಕಲನ ನಿಯಮ ಗೊತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ. ಗಾಡಿಯ ಬ್ರೇಕು ಕೆಲಸ ಮಾಡುವುದು ಇದರಿಂದಲೇ. ಪಾದದ ಒತ್ತಡ ಬ್ರೇಕ್ ಎಣ್ಣೆಯ ಮೂಲಕ ನಾಲ್ಕು ಚಕ್ರಕ್ಕೂ ತಲಪುತ್ತದೆ. ಆದರೆ ಈ ಎಣ್ಣೆಗೆ ಒಂದು ದುರ್ಗುಣವಿದೆ, ಅದು ಗಾಳಿಯಲ್ಲಿನ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಪಸೆಗೆ ಬರಗಾಲವೇ? ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ನೀರು ಸೇರಿದ ಮೇಲೆ ಅದೇ ಎಣ್ಣೆ 140 ಡಿಗ್ರಿಯ ಆಸುಪಾಸಿನಲ್ಲಿ ಕುದಿಯಬಹುದು. ಡಾಟ್ 4 ಆದರೆ ಈ ಲೆಕ್ಕ 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿಕೊಂಡೇ ಬಂದರೆ ಡ್ರಮ್ಮು ಕಾದು, ಎಣ್ಣೆಯೊಳಗಿನ ನೀರು ಕುದಿದು ಆವಿಯಾಗುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಅಷ್ಟೇ, ಪೆಡಲು ನೆಲ ಮುಟ್ಟುತ್ತದೆ. ನಮ್ಮ ಭಾವನ ಗಾಡಿಯಲ್ಲಿ ಆದುದೂ ಇದೇ. ಆ ಎಣ್ಣೆಯನ್ನು ಹೊರತೆಗೆದಾಗ ಕಷಾಯದ ಬಣ್ಣಕ್ಕೆ ತಿರುಗಿತ್ತು.

ಆದುದರಿಂದ ಹಳೆಯ ಗಾಡಿ ಬಂದ ದಿನವೇ ಹಳೆಯ ಬ್ರೇಕ್ ಎಣ್ಣೆಯನ್ನು ಪೂರ್ತಿ ತೆಗೆಸಿ ಹೊಸತು ಹಾಕಿಸಿ, ಗಾಳಿ ಹೊರಡಿಸಿ. ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಯಾವ ದರ್ಜೆ ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ.

ನಾಲ್ಕು ಚಕ್ರವನ್ನೂ ಬಿಚ್ಚಿಸಿ ಲೈನರು, ಪ್ಯಾಡು ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡಿ. ಹಿಂದಿನ ಡ್ರಮ್ಮಿನೊಳಗೆ ಎಣ್ಣೆಯ ಜಿಡ್ಡು ಕಂಡರೆ ಆಕ್ಸಲಿನ ಆಯಿಲ್ ಸೀಲು ಹೋಗಿದೆ ಎಂದು ತಿಳಿಯಿರಿ. ಜಿಡ್ಡು ಹಿಡಿದ ಲೈನರು ಒರಸಿದರೆ ಸರಿಯಾಗುವುದಿಲ್ಲ, ಸೀಲಿನೊಂದಿಗೆ ಅದನ್ನೂ ಬದಲಿಸಬೇಕು.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ. ಒಂದನೆಯದು, ಎಂಜಿನ್ ಚಾಲೂ ಇರುವಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ, ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಎರಡನೆಯದು, ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಬಾರಿ ತುಳಿದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಪಾದ ತೆಗೆಯದೆ ಎಂಜಿನ್ ಚಾಲೂ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರು ಕೆಲಸ ಮಾಡುತ್ತಿಲ್ಲ. ಮೂರನೆಯದು, ಚಕ್ರಕ್ಕೆ ಅಡ್ಡ ಇಡಲು ಒಬ್ಬರನ್ನು ಸಿದ್ಧ ನಿಲ್ಲಿಸಿಕೊಂಡು, ಖಾಲಿ ಗಾಡಿಯನ್ನು ಸಣ್ಣ ಏರಿನಲ್ಲಿ ಹ್ಯಾಂಡ್ ಬ್ರೇಕಿನ ಮೇಲೆ ಮಾತ್ರ ನಿಲ್ಲಿಸಿ ನೋಡಿ.

ಇನ್ನೊಂದು ಮಾತು. ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ, ಎಂಜಿನ್ನನ್ನೇ ಆರಿಸಿ ಬಿಡುವವರಿದ್ದಾರೆ. ಎಂಜಿನ್ ನಿಂತರೆ ಬೂಸ್ಟರಿನ ಬಲವೂ ಹೋಗುತ್ತದೆ, ಗೇರಿನ ಹಿಡಿತವೂ ಹೋಗುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಜೀಪು ಚಾಲಕರ ಪಾಠವನ್ನು ಮರೆಯಬಾರದು.

ಟಯರು ಮತ್ತು ಸ್ಟೀರಿಂಗು

ಟಯರಿನ ಪಕ್ಕದಲ್ಲಿ ಡಾಟ್ ಎಂಬ ಇಂಗ್ಲಿಷ್ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ನೋಡಿ ಎತ್ತಿನ ಪ್ರಾಯ ಹೇಳಿದಂತೆ ಇದು. ಗಾಡಿಗೆ ಹೊಸ ಟಯರು ಹಾಕಿದ್ದೇವೆ ಎನ್ನುವವರ ಮಾತನ್ನು ಈ ಅಂಕಿಗಳಿಂದ ತಾಳೆ ನೋಡಬಹುದು. ಕಾನೂನಿನ ಪ್ರಕಾರ ಟಯರಿನ ಗೀಟು ಕನಿಷ್ಠ 1.6 ಮಿಲಿಮೀಟರ್ ಆಳ ಉಳಿದಿರಬೇಕು. ಆದರೆ ನಮ್ಮ ಮಳೆಗಾಲದ ಕೆಸರಿಗೆ ಅಷ್ಟು ಸಾಲದು, ಅದಕ್ಕಿಂತ ಮೊದಲೇ ಬದಲಿಸುವುದು ಲೇಸು. ಗೀಟು ಆಳವಿದ್ದರೂ ಪಕ್ಕದ ರಬ್ಬರು ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಅದು ಪ್ರಯೋಜನವಿಲ್ಲ.

ಒಂದೇ ಅಂಚು ಹೆಚ್ಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಎದುರಿನ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಕೈ ಹಿಡಿದು ಅಲುಗಿಸಿ. ಆಡಿದರೆ ಬೇರಿಂಗು ಅಥವಾ ಜಾಯಿಂಟು ಸವೆದಿದೆ. ಎಡಬಲ ಹಿಡಿದು ಅಲುಗಿಸಿದಾಗ ಆಡಿದರೆ ಸ್ಟೀರಿಂಗಿನ ರಾಡು ನೋಡಿಸಿ. ಸ್ಟೆಪ್ನಿ ಟಯರು, ಜಾಕಿ, ನಟ್ಟು ಬಿಚ್ಚುವ ಪಾನೆ ಇವು ಇವೆಯೇ ಎಂದು ಇಂದೇ ನೋಡಿ. ನಡುರಾತ್ರಿ ಬಂದಡ್ಕದ ದಾರಿಯಲ್ಲಿ ನೋಡುವುದಲ್ಲ. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ಒಳ್ಳೆಯ ಅಭ್ಯಾಸ.

ಎಂಜಿನ್, ಎಣ್ಣೆ, ನೀರು

ಎಂಜಿನ್ ಪರೀಕ್ಷೆಯನ್ನು ಬೆಳಿಗ್ಗೆ, ತಣ್ಣಗಿರುವಾಗಲೇ ಮಾಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿರುತ್ತಾರೆ. ನಿಮ್ಮ ಅಂಗಳಕ್ಕೆ ಬಂದ ಮರುದಿನವಾದರೂ ಸತ್ಯ ತಿಳಿಯುತ್ತದೆ. ಹೊಗೆಯ ಬಣ್ಣವೇ ಒಂದು ಜಾತಕ. ಕಪ್ಪು ಹೊಗೆ ನಿಲ್ಲದೆ ಬಂದರೆ ಗಾಳಿಯ ಫಿಲ್ಟರು ಕಟ್ಟಿದೆ ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆಯೇ ಉರಿಯುತ್ತಿದೆ. ಬಿಳಿ ಹೊಗೆ ತಣ್ಣಗಿರುವಾಗ ಸ್ವಲ್ಪ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಣ್ಣೆಗೆ ನೀರು ಸೇರಿದೆ. ಅಂಥ ಎಂಜಿನ್ನನ್ನು ಓಡಿಸಲೇಬೇಡಿ.

ಹಿಂದಿನವರು ಯಾವಾಗ ಏನು ಬದಲಿಸಿದರೆಂಬ ಲೆಕ್ಕ ಕೈಯಲ್ಲಿಲ್ಲದಿದ್ದರೆ, ಏನೂ ಬದಲಿಸಿಲ್ಲವೆಂದೇ ತಿಳಿಯುವುದು ಕ್ಷೇಮ. ಎಂಜಿನ್ ಎಣ್ಣೆ ಮತ್ತು ಅದರ ಫಿಲ್ಟರು, ಡೀಸೆಲ್ ಫಿಲ್ಟರು, ಗಾಳಿಯ ಫಿಲ್ಟರು ಇವನ್ನು ಒಟ್ಟಿಗೆ ಹೊಸತು ಹಾಕಿಸಿ. ಗೇರ್‌ಬಾಕ್ಸಿನ ಎಣ್ಣೆ ಮತ್ತು ಹಿಂದಿನ ಕ್ರೌನಿನ ಎಣ್ಣೆಯನ್ನು ಅನೇಕರು ಮರೆತೇಬಿಡುತ್ತಾರೆ. ಮಳೆಗಾಲದಲ್ಲಿ ಹೊಳೆ ದಾಟಿದ ಗಾಡಿಗಳಲ್ಲಿ ಅದರೊಳಗೆ ನೀರು ಸೇರಿರುವ ಸಂಭವ ಹೆಚ್ಚು. ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆಯೇ, ಚೈನ್ ಇದೆಯೇ ಎಂದು ಮೆಕ್ಯಾನಿಕರನ್ನು ಕೇಳಿ. ಬೆಲ್ಟ್ ಆಗಿದ್ದು, ಬದಲಿಸಿದ ಲೆಕ್ಕವಿಲ್ಲದಿದ್ದರೆ ಬದಲಿಸಿ. ಅದು ದಾರಿಯಲ್ಲಿ ತುಂಡಾದರೆ ಎಂಜಿನ್ನಿನ ಒಳಗೇ ಹಾನಿಯಾಗಬಹುದು.

ರೇಡಿಯೇಟರಿಗೆ ಬಾವಿಯ ನೀರು, ಬೋರ್‌ವೆಲ್ ನೀರು ತುಂಬಿಸುವುದು ನಮ್ಮಲ್ಲಿ ಸಾಮಾನ್ಯ. ನೀರಿನ ಖನಿಜ ಒಳಗೆ ಪಾಚಿಯಂತೆ ಕಟ್ಟಿ ದಾರಿ ಮುಚ್ಚುತ್ತದೆ, ತುಕ್ಕೂ ಹಿಡಿಸುತ್ತದೆ. ತುಕ್ಕು ಬಣ್ಣದ ನೀರು ಕಂಡರೆ ತೊಳೆಸಿ, ಹೇಳಿದ ಪ್ರಮಾಣದ ಕೂಲೆಂಟ್ ಹಾಕಿಸಿ. ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬೇಡಿ, ಮುಖ ಸುಟ್ಟೀತು. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ತಿರುಪು ಇದ್ದರೆ ಮಳೆಗಾಲದಲ್ಲಿ ಆಗಾಗ ತೆರೆದು ನೀರು ಬಿಡಬೇಕು.

2020ರ ಎಪ್ರಿಲ್ ಬಳಿಕ ಬಂದ ಬಿ.ಎಸ್. 6 ದರ್ಜೆಯ ಗಾಡಿಗಳಿಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯೇ ಆಗಬೇಕು. ಅಗ್ಗದ ಎಣ್ಣೆ ಹಾಕಿದರೆ ಹೊಗೆ ಶುದ್ಧಿಮಾಡುವ ದುಬಾರಿ ಭಾಗ ಕೆಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿದರೆ ಅದಕ್ಕೆ ಕಪ್ಪು ಟೇಪು ಅಂಟಿಸುವುದು ಪರಿಹಾರವಲ್ಲ.

ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟಿನ ಎರಡು ತುದಿಯ ಕ್ರಾಸುಗಳಿಗೆ ಗ್ರೀಸು ಹೊಡೆಸಿ. ಗಾಡಿ ಹೊರಡುವಾಗ ಅಡಿಯಿಂದ ಟಕ್ ಎಂಬ ಸದ್ದು ಕೇಳಿದರೆ ಅದನ್ನೇ ಮೊದಲು ನೋಡಬೇಕು.

ಬೆಳಕು, ವೈಪರು, ಇಲಿ

ಮಳೆಗಾಲದ ಸಂಜೆ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಹೆಡ್‌ಲೈಟಿನ ಬೆಲೆ ಗೊತ್ತು. ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟು, ಇಂಡಿಕೇಟರು, ಹಿಂದಕ್ಕೆ ಹೋಗುವಾಗಿನ ಲೈಟು ಎಲ್ಲ ನೋಡಿಸಿ. ವೈಪರಿನ ರಬ್ಬರು ಮೇ ತಿಂಗಳಲ್ಲೇ ಬದಲಿಸಿ. ಬ್ಯಾಟರಿಯ ತುದಿಗಳ ಬಿಳಿ ಹೂವನ್ನು ತೆಗೆದು ಬಿಗಿ ಮಾಡಿ. ಅಡಕೆ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಗೆ ಇಲಿಯೂ ಒಂದು ಶತ್ರು. ಅದು ವಯರು ಕಡಿದಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವಿದೆ. ಆಗಾಗ ಬೋನೆಟ್ ತೆರೆದು ನೋಡುತ್ತಿರಿ.

ಕಾಗದ ಪತ್ರದ ರಿಪೇರಿ

ಗಾಡಿಗೆ ಗ್ಯಾರೇಜು ಎಷ್ಟು ಮುಖ್ಯವೋ ಆರ್.ಟಿ.ಓ. ಕಚೇರಿಯೂ ಅಷ್ಟೇ ಮುಖ್ಯ. ಚಾಸಿಸಿನ ಮೇಲೆ ಕೊರೆದ 17 ಅಕ್ಷರ–ಅಂಕಿಗಳ ಸಂಖ್ಯೆ, ಎಂಜಿನ್ ಸಂಖ್ಯೆ ಇವೆರಡನ್ನೂ ಆರ್.ಸಿ.ಯೊಂದಿಗೆ ಒಂದೊಂದಾಗಿ ತಾಳೆ ನೋಡಿ. ಕೇಂದ್ರ ಸರಕಾರದ ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರಿನಿಂದ ವಿಮೆ, ಫಿಟ್‌ನೆಸ್, ಬಾಕಿ ದಂಡ, ಸಾಲದ ಗುರುತು ಎಲ್ಲ ನೋಡಬಹುದು. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲ ದಾಖಲಾಗಿದ್ದರೆ, ಸಾಲ ತೀರಿದ ಪತ್ರ ಮತ್ತು ಸಹಿಯಾದ ಫಾರಂ 35 ಇಲ್ಲದೆ ಹಣ ಕೊಡಬಾರದು.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನದೊಳಗೆ, ಬೇರೆ ರಾಜ್ಯದ ಗಾಡಿಯಾದರೆ 45 ದಿನದೊಳಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಪುತ್ತೂರಿನ ಕೆ.ಎ. 21, ಮಂಗಳೂರಿನ ಕೆ.ಎ. 19 ಗಾಡಿ ತಂದರೆ ಅಲ್ಲಿಯ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತರಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಂಡರೆ ಕೆ.ಎಲ್. 14ರ ನಂಬರು ಮಾಡಿಸಲೇಬೇಕು. ಕೇರಳದ ತೆರಿಗೆಯ ಲೆಕ್ಕವನ್ನು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಂಡರೆ ಅಗ್ಗದ ಗಾಡಿ ನಿಜವಾಗಿ ಅಗ್ಗವೇ ಎಂಬುದು ಗೊತ್ತಾಗುತ್ತದೆ. ಗಡಿ ನಮಗೆ ಮನೆಯ ಹಿತ್ತಿಲಿನ ಬೇಲಿಯಂತೆ ಕಂಡರೂ ಕಾನೂನಿನ ಕಣ್ಣಿಗೆ ಅದು ರಾಜ್ಯದ ಗಡಿಯೇ.

ಮಾರುವವರಿಗೂ ಒಂದು ಮಾತು. ಗಾಡಿ ಮಾರಿದರೂ ದಾಖಲೆಯಲ್ಲಿ ಯಾರ ಹೆಸರು ಉಳಿದಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಅಂದು ಆ ಗಾಡಿ ಕೈಯಿಂದ ಕೈಗೆ ಹಲವರಿಗೆ ದಾಟಿತ್ತು, ಹೆಸರು ಮಾತ್ರ ಮೊದಲಿನವರದೇ ಇತ್ತು. ಹಳೆಯ ಗಾಡಿಗಳ ವ್ಯಾಪಾರಿಗಳು ನೋಂದಣಿ ಅಧಿಕಾರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮವೂ 2023ರ ಎಪ್ರಿಲ್ 1ರಿಂದ ಬಂದಿದೆ. ವ್ಯಾಪಾರಿಯ ಮೂಲಕ ಕೊಳ್ಳುವವರು, ಮಾರುವವರು ಆ ಪತ್ರವನ್ನು ಕೇಳಿ ನೋಡಬೇಕು.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇನ್ನೊಬ್ಬರಿಗೆ ಆದ ಹಾನಿಯ ವಿಮೆ ಗಾಡಿಯೊಂದಿಗೆ ಬರುತ್ತದೆ. ನಿಮ್ಮ ಗಾಡಿಯ ಹಾನಿಗೆ ಹಣ ಬೇಕಾದರೆ ಪಾಲಿಸಿ ನಿಮ್ಮ ಹೆಸರಿನಲ್ಲಿರಬೇಕು. ನಮ್ಮ ಭಾವ ಎಡವಿದ್ದು ಇಲ್ಲಿಯೇ. ಸರಕು ವಾಹನದ ಹಿಂದೆ ಕೆಲಸದವರನ್ನು, ಮದುವೆ ದಿಬ್ಬಣದವರನ್ನು ತುಂಬಿಸಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ, ವಿಮೆಗೂ ವಿರುದ್ಧ.

ಸರಕು ವಾಹನಕ್ಕೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಕಾಗಿಲ್ಲ. ಕಾರಿನ ಲೈಸನ್ಸಿನಲ್ಲಿ ಹಳದಿ ಬೋರ್ಡಿನ ಪಿಕಪ್ ಓಡಿಸಬಹುದೇ ಎಂದು ಹಲವರು ಕೇಳುತ್ತಾರೆ. ಒಟ್ಟು ತೂಕ 7,500 ಕಿಲೋದೊಳಗಿನ ಗಾಡಿಗೆ ಲಘು ವಾಹನದ ಲೈಸನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ.

ಓದಲಾಗದ ಕಾಗದಕ್ಕೆ ಸಹಿ ಬೇಡ

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ನಮ್ಮ ಹಿರಿಯರು ಪೇಟೆಯಲ್ಲಿ ತುಳು, ಮಲೆಯಾಳ, ಕನ್ನಡ, ಬ್ಯಾರಿ ಎಲ್ಲವನ್ನೂ ಸಲೀಸಾಗಿ ಆಡುತ್ತಾರೆ. ಆದರೆ ಆಡುವುದು ಬೇರೆ, ಓದುವುದು ಬೇರೆ. ವ್ಯವಹಾರದ ಕಾಗದ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಓದಲಾಗದೆಂದು ಹೇಳಲು ಸಂಕೋಚಪಟ್ಟು ಸಹಿ ಹಾಕಿಬಿಡುತ್ತೇವೆ. ಇದರಲ್ಲಿ ನಾಚಿಕೆಯ ಮಾತೇನೂ ಇಲ್ಲ. "ಒಂದು ದಿನ ಕೊಡಿ, ಓದಿಸಿಕೊಂಡು ಬರುತ್ತೇನೆ" ಎನ್ನಿ. ಒಪ್ಪದವನ ಗಾಡಿಯನ್ನು ಕೊಳ್ಳದಿರುವುದೇ ಮೇಲು. ಮಾರುವವರು ಒಪ್ಪಿದರೆ ಕರಾರನ್ನು ಕನ್ನಡದಲ್ಲಿಯೂ ಬರೆಸಿ ಇಬ್ಬರೂ ಸಹಿ ಹಾಕಬಹುದು. ಮಾರಿದ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಸಿ; ಅದಕ್ಕಿಂತ ಮೊದಲಿನ ದಂಡ, ಅಪಘಾತ ನಿಮ್ಮ ತಲೆಗೆ ಬರಬಾರದು.

ಒಂದು ಪಟ್ಟಿ, ಒಂದು ಪುಸ್ತಕ

ಮೊದಲ ದಿನ: ಬ್ರೇಕು, ಟಯರು, ಲೈಟು, ಚಾಸಿಸ್ ಸಂಖ್ಯೆ. ಮೊದಲ ವಾರ: ಎಣ್ಣೆಗಳು, ಫಿಲ್ಟರುಗಳು, ಕೂಲೆಂಟ್, ಬೆಲ್ಟ್, ಗ್ರೀಸು, ಅಲೈನ್‌ಮೆಂಟ್, ವಿಮೆಯ ಅರ್ಜಿ. ಮೊದಲ ತಿಂಗಳು: ಹೆಸರು ಬದಲಾವಣೆ, ಅರ್ಧ ಭಾರದಲ್ಲಿ ಓಡಿಸಿ ನೋಡುವುದು, ಓಡಿಸಿದ ಬಳಿಕ ಗಾಡಿ ನಿಂತ ಜಾಗದಲ್ಲಿ ಎಣ್ಣೆ ಬಿದ್ದಿದೆಯೇ ಎಂದು ಒಂದು ಹಳೆಯ ರಟ್ಟು ಹಾಸಿ ನೋಡುವುದು. ಕೊಂಡ ಬೆಲೆಯ ಹತ್ತರಲ್ಲೊಂದು ಪಾಲನ್ನಾದರೂ ಇದಕ್ಕೆಂದು ತೆಗೆದಿಟ್ಟೇ ಗಾಡಿ ನೋಡಲು ಹೊರಡಿ. ಇದ್ದ ಹಣವನ್ನೆಲ್ಲ ಬೆಲೆಗೇ ಸುರಿದರೆ ಬ್ರೇಕಿಗೆ ಉಳಿಯುವುದಿಲ್ಲ.

ಒಂದು ನೋಟುಪುಸ್ತಕ ಗಾಡಿಯೊಳಗೆ ಇರಲಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಿಸಿದಿರಿ, ಎಷ್ಟು ಖರ್ಚಾಯಿತು ಎಂದು ಬರೆದಿಡಿ. ನಾಳೆ ನೀವೇ ಮಾರುವಾಗ ಆ ಪುಸ್ತಕಕ್ಕೆ ಬೆಲೆಯಿದೆ.

ನಮ್ಮ ಭಾವ ಈಗ ಅದೇ ಗಾಡಿಯನ್ನು ರಿಪೇರಿ ಮಾಡಿಸಿ ಓಡಿಸುತ್ತಿದ್ದಾರೆ. ಪುಸ್ತಕ ಬರೆಯುವ ಕೆಲಸ ಹತ್ತನೆಯ ತರಗತಿಯಲ್ಲಿರುವ ಸೊಸೆಯದು, ಅಂದರೆ ನನ್ನ ಅಕ್ಕನ ಮಗಳದು. ಕೈಪಿಡಿಯ ಇಂಗ್ಲಿಷನ್ನು ಅವಳು ಓದಿ ಕನ್ನಡದಲ್ಲಿ ಹೇಳುತ್ತಾಳೆ, ಅವರು ಟಾರ್ಚು ಹಿಡಿದು ನೋಡುತ್ತಾರೆ. ಮೊನ್ನೆ ಹೋದಾಗ, ಬ್ರೇಕ್ ಎಣ್ಣೆ ಬದಲಿಸುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು ಕಂಡಿತು. ಭುಜ ಮುರಿದ ಆ ಕೆಲಸದಾಳು ಈಗಲೂ ಅದೇ ಗಾಡಿಯಲ್ಲಿ ಪಕ್ಕದಲ್ಲಿ ಕುಳಿತು ಹೋಗುತ್ತಾನೆ. ಹೊರಡುವ ಮೊದಲು ಮಾತ್ರ, "ಅಣ್ಣೇರೇ, ಬ್ರೇಕು ತುಳಿದು ನೋಡಿದಿರಾ?" ಎಂದು ಕೇಳಿಯೇ ಹತ್ತುತ್ತಾನೆ. ಪಕ್ಕದಲ್ಲಿ ಕೂರುವವರೆಲ್ಲ ಹಾಗೆ ಕೇಳುವ ಅಭ್ಯಾಸ ಇಟ್ಟುಕೊಂಡರೆ ಒಳ್ಳೆಯದು.